ಡ್ರಿಲ್ ಮೇಷ್ಟ್ರ ಮೀನುಗಳ ಏದುಸಿರು

ಡ್ರಿಲ್ ಮೇಷ್ಟ್ರಿಗೆ ಮನೆಯವರ ಮೇಲಿದ್ದ ದೂರು ಒಂದೇ. ಶಾಲೆಯ ಮೈದಾನದಲ್ಲಿ ಅವರು ಒಂದು ಸೀಟಿ ಊದಿದರೆ ಎಂಟುನೂರು ಮಕ್ಕಳು ಸಾಲಾಗಿ ನಿಲ್ಲುತ್ತಾರೆ; ಮನೆಯಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಒಂದು ಬೆಕ್ಕೂ ತಿರುಗಿ ನೋಡುವುದಿಲ್ಲ. (ಬೆಕ್ಕು ಪಕ್ಕದ ಮನೆಯದು ಎಂಬುದು ಬೇರೆ ಮಾತು.) ಅದರಲ್ಲೂ ಮೀನು ಸಾಕುವುದರಲ್ಲಿ ತಮಗಿರುವ ಪಾಂಡಿತ್ಯಕ್ಕೆ ಈ ಮನೆಯಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂಬುದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ನಿಜ ಹೇಳಬೇಕೆಂದರೆ ಆ ಪಾಂಡಿತ್ಯಕ್ಕೆ ಸಾಕ್ಷಿ ಹೇಳಲು ಯಾವ ಮೀನೂ ಉಳಿದಿರಲಿಲ್ಲ. ಮೊದಲ ಸಲ ತಂದವು ಹದಿನೈದು ದಿನ ಬಾಳಿದವು. ಎರಡನೆಯ ಸಲದವು ಒಂದು ವಾರ. ಮೂರನೆಯ ಸಲದವುಗಳ ಮಾತನ್ನು ಮೇಷ್ಟ್ರ ಮುಂದೆ ಎತ್ತುವಂತಿಲ್ಲ. ಹೀಗಿರುವಾಗ ಒಂದು ದಿನ ಮೀನಿನ ಅಂಗಡಿಯಲ್ಲಿ ಬಿಸ್ಕತ್ತಿನಷ್ಟು ದುಂಡಗೆ, ಅಷ್ಟೇ ತೆಳ್ಳಗೆ ಇದ್ದ ಮರಿಗಳು ಕಂಡವು. ಹೆಸರು ಕೇಳಿದರೆ ಅಂಗಡಿಯವರು "ಡಿಸ್ಕಸ್" ಅಂದರು. ಕಾಲೇಜಿನಲ್ಲಿ ಡಿಸ್ಕಸ್ ಎಸೆದು ಕಪ್ಪು ಗೆದ್ದ ಮನುಷ್ಯನಿಗೆ ಇನ್ನೇನು ಬೇಕು? "ತುಂಬ ನಾಜೂಕು ಜಾತಿ ಸಾರ್, ಮರಿಗಳು ಬೇರೆ" ಎಂದು ಅಂಗಡಿಯವರು ಹೇಳಿ ಮುಗಿಸುವ ಮೊದಲೇ ಆರು ಮರಿಗಳು ಚೀಲದಲ್ಲಿದ್ದವು.

ಚೀಲ ಕಂಡ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳು ಸಮವಸ್ತ್ರ ಹೊಲಿಯುವವಳು. ಎರಡು ವರ್ಷಗಳಿಂದ ಅವಳ ಹೊಲಿಗೆ ಯಂತ್ರ ಅಡುಗೆಮನೆಯ ಕತ್ತಲ ಮೂಲೆಯಲ್ಲಿತ್ತು. ಬೆಳಕು ಬರುವ ಹಾಲಿನ ಕಿಟಕಿ ಪಕ್ಕ ಮೀನಿನ ತೊಟ್ಟಿ ರಾಜ್ಯಭಾರ ಮಾಡುತ್ತಿತ್ತು.

"ಇದೇ ಕೊನೆ, ಹೇಳಿಬಿಟ್ಟಿದ್ದೀನಿ. ಈ ಸಲ ಒಂದೇ ಒಂದು ಮೀನು ಸತ್ರೂ ತೊಟ್ಟಿ ಹೊರಗೆ, ನನ್ನ ಮಷೀನು ಒಳಗೆ."

"ಒಪ್ಪಿದೆ ಕಣೇ!" ಎಂದರು ಮೇಷ್ಟ್ರು, ರಾಜಮಹಾರಾಜರ ಠೀವಿಯಿಂದ.

ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ, ಆರೂ ಮರಿಗಳು ಕಪ್ಪಿಟ್ಟುಕೊಂಡು ಮೂಲೆ ಸೇರಿದ್ದವು. ಕಿವಿರಿನ ಮುಚ್ಚಳಗಳು ಪಟಪಟ ಬಡಿಯುತ್ತಿದ್ದವು. ಅದರಲ್ಲೊಂದು ಎಡಗಡೆಯ ಕಿವಿರನ್ನು ಬಿಗಿಯಾಗಿ ಮುಚ್ಚಿಕೊಂಡು ಬಲಗಡೆಯಿಂದ ಮಾತ್ರ ಉಸಿರಾಡುತ್ತಿತ್ತು. ಮೇಷ್ಟ್ರು ಧೃತಿಗೆಡಲಿಲ್ಲ. ಕೆಂಪು ಟ್ರ್ಯಾಕ್ ಸೂಟು ತೊಟ್ಟರು, ಕೊರಳಿಗೆ ಸೀಟಿ ಹಾಕಿಕೊಂಡರು, ಕೈಯಲ್ಲಿ ಸ್ಟಾಪ್‌ವಾಚು ಹಿಡಿದರು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತರು. ಅಭ್ಯಾಸಬಲ, "ರೆಡಿ!" ಎಂದು ಒಂದು ಸಣ್ಣ ಸೀಟಿಯನ್ನೂ ಊದಿದರು. ಒಂದು ನಿಮಿಷಕ್ಕೆ ನೂರ ನಲವತ್ತು ಉಸಿರು!

ಮೂರು ದಿನ ಹೀಗೇ ಎಣಿಸಿದರು. ಫ್ರಿಜ್ಜಿನ ಬಾಗಿಲ ಮೇಲೆ ಆರು ಸಾಲಿನ ಪಟ್ಟಿಯೊಂದು ಬಂತು. ಎಷ್ಟು ಸಲ ಎಣಿಸಿದರೂ ಅದೇ ನೂರ ನಲವತ್ತು. ನೀರು ಪರೀಕ್ಷೆ ಮಾಡಿದರೆ ನೀರಿನಲ್ಲಿ ಒಂದು ದೋಷವೂ ಇಲ್ಲ. ಮೇಷ್ಟ್ರು ಎರಡು ಪುಸ್ತಕ ಓದಿ, ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿ ತೀರ್ಪು ಕೊಟ್ಟರು: "ಕಿವಿರಿನ ಹುಳು. ಆರಕ್ಕೂ ಅಂಟಿದೆ. ನಾಳೆ ತೊಟ್ಟಿಗೇ ಔಷಧಿ. ಅದೂ ಡಬಲ್ ಡೋಸ್."

"ಸ್ವಲ್ಪ ತಡೀರಿ ಅಳಿಯಂದ್ರೇ" ಎಂಬ ದನಿ ಬಂದದ್ದು ಆಗ.

ಅದು ಅತ್ತೆ. ಮಂಡಿ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದು ಒಂದು ತಿಂಗಳಾಗಿತ್ತು. ಮೂವತ್ತನಾಲ್ಕು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವರು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಎದೆಗೆ ತಲೆಕೆಳಗಾಗಿ ಪಿನ್ನು ಹಾಕಿಕೊಳ್ಳುವ ಪುಟ್ಟ ಗಡಿಯಾರವನ್ನು ಬಿಟ್ಟಿರಲಿಲ್ಲ.

"ಒಂದು ಮೀನು ಕಿವಿರು ಮುಚ್ಕೊಂಡಿದೆ, ಸರಿ. ಆರಕ್ಕೂ ಯಾಕೆ ಔಷಧಿ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ."

"ಅತ್ತೆ, ಆರಕ್ಕೂ ಏದುಸಿರು ಇದೆ. ನನ್ನ ಹತ್ರ ಲೆಕ್ಕ ಇದೆ!" ಮೇಷ್ಟ್ರು ಫ್ರಿಜ್ಜಿನ ಕಡೆ ಕೈ ತೋರಿಸಿದರು. ಇದು ಮೀನು, ಮಗುವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಳಿಯತನ ಅಡ್ಡ ಬಂತು.

"ಲೆಕ್ಕ ನಾನೂ ಒಂದು ಸಲ ಮಾಡ್ತೀನಿ. ನಾಳೆ ಭಾನುವಾರ. ಇಡೀ ದಿನ ನೀವು ಹಾಲಿಗೆ ತಲೆ ಹಾಕಬಾರದು."

"ನನ್ನ ಮೀನನ್ನ ನಾನೇ ನೋಡಬಾರದಾ?"

"ರೀ, ಅಮ್ಮ ಹೇಳಿದಂಗೆ ಮಾಡಿ" ಎಂದಳು ಹೆಂಡತಿ. "ಡಬಲ್ ಡೋಸ್ ಹಾಕೋದಾದ್ರೆ ಈಗಲೇ ಹೇಳಿ, ಮಷೀನು ಒರೆಸಿ ಇಟ್ಕೊಳ್ತೀನಿ."

ಭಾನುವಾರ ಮೇಷ್ಟ್ರು ಜಗಲಿಗೆ ಗಡೀಪಾರಾದರು. ಬೋನಿನ ಹುಲಿಯಂತೆ ಅತ್ತಿಂದಿತ್ತ ತಿರುಗಾಡಿ, ಕಡೆಗೆ ತಡೆಯಲಾರದೆ ಕಿಟಕಿಯ ಪರದೆಯ ಸಂದಿಯಿಂದ ಇಣುಕಿದರು. ಕಂಡ ನೋಟಕ್ಕೆ ರಕ್ತ ಕುದಿಯಿತು. ಅತ್ತೆ ತೊಟ್ಟಿಯಿಂದ ಎರಡು ಮಾರು ದೂರ ಕುರ್ಚಿ ಹಾಕಿಕೊಂಡು, ಮೀನಿಗೆ ಅರ್ಧ ಬೆನ್ನು ಮಾಡಿ, ಬಟಾಣಿ ಸುಲಿಯುತ್ತಿದ್ದಾರೆ! ಕಾಯಿ ಬಿಡಿಸುವುದು, ಕಾಳನ್ನು ಬಟ್ಟಲಿಗೆ ಹಾಕುವುದು, ನಡುನಡುವೆ ಒಂದು ಕಾಳನ್ನು ಪಕ್ಕದ ಸ್ಟೂಲಿನ ಮೇಲಿಡುವುದು. ಇಲ್ಲಿ ಆರು ಜೀವ ಹೋಗುತ್ತಿವೆ, ಅಲ್ಲಿ ಅಡುಗೆಯ ತಯಾರಿ ನಡೆದಿದೆ ಎಂದು ಮೇಷ್ಟ್ರು ಹಲ್ಲು ಕಡಿದರು. ಅತ್ತ ಪಕ್ಕದ ಮನೆಯ ಬೆಕ್ಕು ಕೂಡ ಅವರನ್ನು ಕನಿಕರದಿಂದ ನೋಡಿತು.

ಸಂಜೆ ನಾಲ್ಕಕ್ಕೆ ಒಳಗಿನಿಂದ ಕರೆ ಬಂತು. "ಮೆಲ್ಲಗೆ ಬಾಗಿಲ ಹತ್ರ ನಿಂತು ನೋಡಿ."

ಸ್ಟೂಲಿನ ಮೇಲೆ ಬಟಾಣಿ ಕಾಳು ಆರು ಸಾಲಾಗಿ ಕೂತಿದ್ದವು. ಐದು ಸಾಲಿನಲ್ಲಿ ಎಂಟೆಂಟು. ಆರನೆಯದರಲ್ಲಿ ಹದಿನಾಲ್ಕು.

"ನಿಮಿಷದ ಲೆಕ್ಕ, ಹತ್ತು ಉಸಿರಿಗೆ ಒಂದು ಕಾಳು" ಎಂದರು ಅತ್ತೆ. "ಮಗು ಉಸಿರನ್ನ ಹೇಳಿ ಎಣಿಸಬಾರದು ಅಳಿಯಂದ್ರೇ. ನೋಡ್ತಿದ್ದೀವಿ ಅಂತ ಗೊತ್ತಾದ ತಕ್ಷಣ ಉಸಿರೇ ಬದಲಾಗಿಬಿಡುತ್ತೆ. ನಾಡಿ ನೋಡೋರ ಥರ ಕೈ ಹಿಡ್ಕೊಂಡು, ಏನೋ ಬೇರೆ ಮಾತಾಡ್ತಾ, ಕಣ್ಣಂಚಲ್ಲಿ ಎಣಿಸ್ಕೋಬೇಕು. ಇವುಕ್ಕೆ ಕೈಯಿಲ್ಲ, ಅದಕ್ಕೇ ಬಟಾಣಿ."

"ಅಂದ್ರೆ ನನ್ನ ನೂರ ನಲವತ್ತು ಸುಳ್ಳಾ?"

"ಸುಳ್ಳಲ್ಲ. ಹೋಗಿ, ನಿಮ್ಮ ಡ್ರೆಸ್ ಹಾಕ್ಕೊಂಡು ಬನ್ನಿ."

ಮೇಷ್ಟ್ರು ಕೆಂಪು ಸೂಟು ತೊಟ್ಟು, ಸೀಟಿ ತೂಗಾಡಿಸುತ್ತ ಹಾಲಿಗೆ ಕಾಲಿಟ್ಟರು. ಅಲ್ಲಿಯವರೆಗೆ ತೊಟ್ಟಿಯ ನಡುವೆ ಆರಾಮಾಗಿ ತೇಲುತ್ತಿದ್ದ ಮರಿಗಳು ತತ್ತರಿಸಿ ಮೂಲೆಗೆ ನುಗ್ಗಿದವು. ಮೈ ಕಪ್ಪಾಯಿತು. ಕಿವಿರು ಪಟಪಟ ಬಡಿದವು. ಅತ್ತೆ ಕಾಳು ಜೋಡಿಸುತ್ತ ಹೋದರು. ಐದೂ ಸಾಲು ಬೆಳೆದು ಹದಿನಾಲ್ಕಕ್ಕೆ ಬಂದು ನಿಂತವು.

"ಐದು ಮೀನಿಗೆ ಬಂದಿರೋ ಕಾಯಿಲೆ ನೀವೇ" ಎಂದರು ಅತ್ತೆ, ವರದಿ ಓದುವವರ ಶಾಂತ ದನಿಯಲ್ಲಿ.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರ ಮುಖ ಸೂಟಿನ ಬಣ್ಣಕ್ಕೆ ತಿರುಗಿತು.

ಅತ್ತೆ ಮಾತ್ರ ನಗಲಿಲ್ಲ. "ಆರನೇದು ಬೇರೆ ಕಥೆ. ನೀವು ಇದ್ರೂ ಹದಿನಾಲ್ಕು, ಇಲ್ಲದಿದ್ರೂ ಹದಿನಾಲ್ಕು. ಎಡ ಕಿವಿರು ತೆರೆದೇ ಇಲ್ಲ. ಬೆಳಿಗ್ಗೆಯಿಂದ ಏಳು ಸಲ ಹೋಗಿ ಕೆನ್ನೆಯನ್ನ ಪೈಪಿಗೆ ಉಜ್ಜಿಕೊಂಡು ಬಂತು. ಹುಳು ಅಂತ ನೀವು ಹೇಳಿದ್ದು ಸರಿ ಇರಬಹುದು. ಮೀನಿನ ಅಂಗಡಿಯೋರು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಅದನ್ನ ತಗೊಂಡು ಹೋಗಿ."

ಮೇಷ್ಟ್ರು ಆರನೆಯ ಮೀನಿನ ಚೀಲವನ್ನು ಎದೆಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದರು. ಅಂಗಡಿಯವರು ಕಿವಿರಿನ ಲೋಳೆಯನ್ನು ಒಂದಿಷ್ಟೇ ತೆಗೆದು ಗಾಜಿಗೆ ಸವರಿ ನೋಡಿದರು. ಹುಳು ಇತ್ತು. ಆಮೇಲೆ ಬಟಾಣಿ ಲೆಕ್ಕದ ಕಥೆ ಮತ್ತು ಮೇಷ್ಟ್ರು ಹಾಕಬೇಕೆಂದಿದ್ದ ಡಬಲ್ ಡೋಸಿನ ಮಾತು ಕೇಳಿ ಅಂಗಡಿಯವರು ಕುರ್ಚಿಯಲ್ಲಿ ಕೂತುಬಿಟ್ಟರು. "ಸಾರ್, ಹೆದರಿ ಏದುಸಿರು ಬಿಡ್ತಿರೋ ಮರಿಗಳಿಗೆ ಅಷ್ಟು ಹಾಕಿದ್ರೆ ಸಂಜೆಗೆ ಆರೂ ಮೇಲೆ ತೇಲ್ತಿದ್ವು. ಇದನ್ನ ಬಕೆಟ್ಟಲ್ಲಿ ಬೇರೆ ಇಟ್ಟು ಅಳತೆ ಪ್ರಕಾರ ಕೊಡಿ. ಉಳಿದವು ಸಮಾಧಾನ ಆದ್ಮೇಲೆ ಅವುಕ್ಕೂ ಅಷ್ಟೇ ಅಳತೆ. ಅಂದ ಹಾಗೆ, ಒಂದೇ ಮೀನಿಗೆ ಜೋರಿದೆ ಅಂತ ಬೇರೆ ಮಾಡಿ ಕಂಡುಹಿಡಿದ ಡಾಕ್ಟರು ಯಾರು?"

"ನಮ್ಮ ಅತ್ತೆ" ಎಂದರು ಮೇಷ್ಟ್ರು. ಹೇಳಿದ ಮೇಲೆ ಆ ಮಾತಿನಲ್ಲಿ ಹೆಮ್ಮೆ ಇತ್ತೆಂಬುದು ಅವರಿಗೇ ತಿಳಿದು ಆಶ್ಚರ್ಯವಾಯಿತು.

ಮೂರು ವಾರ ಆ ಬಕೆಟ್ಟಿನ ಆರೈಕೆ ನೋಡಿದರೆ ಯಾರಿಗಾದರೂ ತಾವೇ ಕಾಯಿಲೆ ಬೀಳಬೇಕೆನಿಸುತ್ತಿತ್ತು. ಅತ್ತೆ ಮಂಡಿ ನೋವಿನಲ್ಲೂ ದಿನಕ್ಕೆ ನಾಲ್ಕು ಸಲ ಬಂದು ಕೂರುತ್ತಿದ್ದರು. ನೀರು ಬದಲಿಸುವಾಗ ಬಿಸುಪನ್ನು ಮೊಣಕೈ ಅದ್ದಿ ನೋಡುತ್ತಿದ್ದರು, ಥರ್ಮಾಮೀಟರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ ಬರುತ್ತಿರಲಿಲ್ಲ. ಮೇಷ್ಟ್ರು ಬಿಳಿ ಅಂಗಿ ತೊಟ್ಟು, ಸೀಟಿಯನ್ನು ಗೂಟಕ್ಕೆ ತೂಗುಹಾಕಿ, ಅತ್ತೆ ಕೇಳಿದ್ದನ್ನು ಎತ್ತಿಕೊಡುವ ಕಾಂಪೌಂಡರಾದರು. ಒಂದು ಬೆಳಿಗ್ಗೆ ಎಡಗಡೆಯ ಕಿವಿರು ನಿಧಾನವಾಗಿ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿತು. ಮೇಷ್ಟ್ರಿಗೆ ಕಣ್ಣು ಮಂಜಾಯಿತು. ಮೈದಾನದಲ್ಲಿ ತಾವು ಕೂಗಿ ಕೂಗಿ ಸಾಧಿಸಿದ್ದೆಲ್ಲ ಈ ಮುದುಕಿ ಬಟಾಣಿ ಸುಲಿಯುತ್ತ ಸಾಧಿಸಿದ್ದರ ಮುಂದೆ ಏನೂ ಅಲ್ಲ ಎಂದು ಅವರಿಗೆ ಆ ಕ್ಷಣ ಅನ್ನಿಸಿತು.

ಆ ಕ್ಷಣ ಹೆಚ್ಚು ಹೊತ್ತು ಇರಲಿಲ್ಲ. "ನೋಡಿದ್ಯೇನೇ?" ಎಂದು ತೊಟ್ಟಿಯ ಪಕ್ಕದ ಈಜಿಚೇರಿನಲ್ಲಿ ಕೂತೇ ಹೆಂಡತಿಯ ಮುಂದೆ ಎದೆ ಸೆಟೆಸಿದರು. "ಆರಕ್ಕೆ ಆರೂ ಬದುಕಿವೆ! ಮಾತಂದ್ರೆ ಮಾತು. ತೊಟ್ಟಿ ಇಲ್ಲಿಂದ ಅಲ್ಲಾಡಲ್ಲ."

"ಅಲ್ಲಾಡೋದು ಬೇಡ" ಎಂದಳು ಹೆಂಡತಿ. "ನೀವು ಏಳಿ."

"ಯಾಕೆ?"

"ಅಮ್ಮ ಹೇಳಿದ್ದಾಳೆ. ತೊಟ್ಟಿ ಮುಂದೆ ಸದ್ದುಗದ್ದಲ ಮಾಡದೆ ಒಂದೇ ಕಡೆ ಕೂರೋರು ಬೇಕಂತೆ. ಮೀನುಗಳಿಗೆ ಮನುಷ್ಯರ ಮೇಲೆ ನಂಬಿಕೆ ಬರೋವರೆಗೂ."

ಮೇಷ್ಟ್ರ ಈಜಿಚೇರು ಜಗಲಿಗೆ ಹೋಯಿತು. ಅದಿದ್ದ ಜಾಗಕ್ಕೆ, ಕಿಟಕಿಯ ತುಂಬು ಬೆಳಕಿಗೆ, ಹೊಲಿಗೆ ಯಂತ್ರ ಬಂತು. ಅದರ ಸಣ್ಣ ಗುಂಯ್‌ಗುಡುವಿಕೆಗೆ ಮೀನುಗಳು ಎರಡೇ ದಿನದಲ್ಲಿ ಒಗ್ಗಿಕೊಂಡವು. ಆಮೇಲಂತೂ ಗಾಜಿನ ಹತ್ತಿರ ಸಾಲಾಗಿ ನಿಂತು ಅವಳು ಗುಂಡಿ ಹಚ್ಚುವುದನ್ನು ನೋಡತೊಡಗಿದವು. ಸೀಟಿಯಿಲ್ಲದೆ ಸಾಲು!

ಮೇಷ್ಟ್ರು ಪರದೆಯ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದಾಗ ಅತ್ತೆ ಕೋಲೂರಿಕೊಂಡು ಜಗಲಿಗೆ ಬಂದು ಪಕ್ಕದಲ್ಲಿ ಕೂತರು. ಪ್ರೀತಿಯಿಂದ ಅಳಿಯನ ಕೈ ಹಿಡಿದುಕೊಂಡು ಆರನೆಯ ಮೀನಿನ ವಿಷಯ ತೆಗೆದರು. ಈಗ ಚೆನ್ನಾಗಿ ತಿನ್ನುತ್ತದೆ, ಎಲ್ಲಕ್ಕಿಂತ ಅದೇ ಮುಂದೆ ಓಡಿಬರುತ್ತದೆ. ಮೇಷ್ಟ್ರ ಮನಸ್ಸು ಕರಗಿತು. "ಅತ್ತೆ, ಹೆಂಗಿದೆ ನನ್ನ ನಾಡಿ?" ಎಂದರು ತಮಾಷೆಗೆ.

"ನಾಡಿ ಯಾರು ನೋಡಿದ್ರು?" ಎಂದರು ಅತ್ತೆ. "ಉಸಿರು ಇಪ್ಪತ್ತೆಂಟು. ಇದು ಸ್ವಲ್ಪ ಇಳಿಯೋವರೆಗೂ ಒಳಗೆ ಬರಬೇಡಿ." ಎದ್ದು ಹೋಗುವ ಮುನ್ನ ಒಂದು ಮೊರದ ತುಂಬ ಬಟಾಣಿಕಾಯಿಯನ್ನು ಅಳಿಯನ ಮಡಿಲಿಗಿಟ್ಟರು.

ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಈಗ ಏಳು ಸಾಲುಗಳಿವೆ.