ಬಳೆಯ ಸಪ್ಪಳವಿಲ್ಲದ ರೊಟ್ಟಿ

ಆ ಐತವಾರ ಮುಂಜಾನೆ ಕಾಶಪ್ಪನ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಬಂದದ್ದೇನೂ ತಪ್ಪಲ್ಲ. ಇಳಕಲ್ಲಿನಲ್ಲಿ ಮುಂಜಾನೆ ರೊಟ್ಟಿ ಬಡಿಯದ ಮನೆ ಯಾವುದಿದೆ? ಆದರೆ ಬಡಿಯಬೇಕಾದ ಬನಶಂಕರಿ ಬಸುರಿ ತಂಗಿಯ ಕುಬಸಕ್ಕೆಂದು ಹಿಂದಿನ ದಿನವೇ ಮಕ್ಕಳನ್ನು ಕಟ್ಟಿಕೊಂಡು ಹುನಗುಂದಕ್ಕೆ ಹೋಗಿದ್ದಳು. ಮನೆಯಲ್ಲಿದ್ದವನು ಕಾಶಪ್ಪ ಒಬ್ಬನೇ.

ಅದು ನೇಕಾರರ ಓಣಿ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ಕಿವಿ ಬಲು ಚುರುಕು. ಯಾರ ಮಗ್ಗದಲ್ಲಿ ನೂಲು ಹರಿಯಿತು, ಯಾರ ಮನೆಯಲ್ಲಿ ಗಂಡಹೆಂಡತಿ ಮಾತು ಬಿಟ್ಟಿದ್ದಾರೆ ಎಂಬುದನ್ನೆಲ್ಲ ಕೂತಲ್ಲೇ ಹೇಳಿಬಿಡುತ್ತಿದ್ದರು. ಪಕ್ಕದ ಮನೆಯ ಸಂಗವ್ವ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿ ಕೈ ನಿಲ್ಲಿಸಿ ಗೋಡೆಗೆ ಕಿವಿ ಹಚ್ಚಿದಳು.

“ಹುಲ್ಲಪ್ಪಾ, ಬನಶಂಕರಿ ಊರಾಗಿಲ್ಲಲ್ಲೋ?” ಎಂದು ಎದುರು ಮನೆಯ ನೇಕಾರನನ್ನು ಕೂಗಿದಳು.

“ಇಲ್ಲ ಬೇ. ನಿನ್ನೆ ಬಸ್ಸಿಗೆ ಆಕಿ ಗಂಟು ಏರಿಸಿದಾಂವ ನಾನ.”

“ಹಂಗಾದ್ರ ಒಳಗ ರೊಟ್ಟಿ ಬಡಿಯಾಕತ್ತಾಕಿ ಯಾರು?”

ಹುಲ್ಲಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದ. ತಪ್, ತಪ್, ತಪ್. “ಕೈ ಭಾಳ ಪಳಗೇತಿ ಬೇ,” ಎಂದ ಮೆಚ್ಚಿಕೊಂಡು. “ಒಂದ ಸಮ ಬೀಳಾಕತ್ತೇತಿ.”

“ಕೈ ಇರ್ಲಿ. ಬಳಿ ಸಪ್ಪಳ ಕೇಳ್ತೈತೇನು?”

ಕೇಳುತ್ತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. “ಬಳಿ ತಗದಿಟ್ಟು ಬಡಿಯಾಕತ್ತಾಳ, ಓಣ್ಯಾಗ ಗೊತ್ತಾಗಬಾರದಂತ,” ಎಂದು ಸಂಗವ್ವ ತೀರ್ಪು ಕೊಟ್ಟಳು. “ಹಿತ್ತಲ ಬಾವ್ಯಾಗ ನಾವೆಲ್ಲಾ ನೀರು ಸೇದೂ ಗಡಗಡಿ ಕಳುವಾದಾಗಿಂದ ಈ ಓಣಿಗೆ ಶನಿ ಹಿಡದೇತಿ ನೋಡು.”

ಒಳಗೆ ಕಾಶಪ್ಪನ ಆನಂದಕ್ಕೆ ಪಾರವಿರಲಿಲ್ಲ. ಅವನದು ವಿದ್ಯುತ್ ಮಂಡಳಿಯಲ್ಲಿ ಮನೆ ಮನೆಯ ಮೀಟರು ಓದುವ ಕೆಲಸ. ಮೀಟರು ಓದಲು ಹೋದಲ್ಲೆಲ್ಲ ಹೆಂಗಸರು ಒಲೆಯ ಮುಂದೆ ಬೆವರು ಸುರಿಸುತ್ತ ರೊಟ್ಟಿ ಬಡಿಯುವುದನ್ನು ನೋಡಿ ನೋಡಿ ಅವನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಆ ಹುಳವೇ ಈಗ ಯಂತ್ರವಾಗಿ ನಡುಮನೆಯ ಕೋಣೆಯಲ್ಲಿ ಕೂತಿತ್ತು. ಹಳೆಯ ಮೋಟಾರು, ಸೈಕಲ್ಲಿನ ಚೈನು, ಗಿರ್ರನೆ ತಿರುಗುವ ಒಂದು ಮಣೆ, ಅದರ ಮೇಲೆ ಏಳುತ್ತ ಬೀಳುತ್ತ ಇರುವ ಕಟ್ಟಿಗೆಯ ಅಂಗೈ. ಹೊಟ್ಟೆಯ ನಡುವೆ ಕಬ್ಬಿಣದ ಒಂದು ದೊಡ್ಡ ಗಾಲಿ. ಆ ಗಾಲಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಕಾಶಪ್ಪ ಯಾರಿಗೂ ಹೇಳುವ ಹಾಗಿರಲಿಲ್ಲ. ಅದು ಕಿರ್ ಎನ್ನದಿರಲೆಂದು ಮುಂಜಾನೆ ಎದ್ದವನೇ ಕೊಬ್ಬರಿ ಎಣ್ಣೆ ಬಿಟ್ಟಿದ್ದ.

ಯಂತ್ರವನ್ನು ಶುರುಮಾಡಿದ್ದು ಹೆಸರಿನ ಆಸೆಗೆ. ಸುಳ್ಳೇಕೆ ಹೇಳಬೇಕು? ಆದರೆ ದೀಪಾವಳಿಯ ಹೊತ್ತಿಗೆ ಬನಶಂಕರಿಗೆ ಬಲಭುಜದ ನೋವು ಕಾಣಿಸಿಕೊಂಡಿತು. ಕೂತರೂ ನಿಂತರೂ ಎಡಗೈಯಿಂದ ಬಲಭುಜ ಒತ್ತಿಕೊಳ್ಳುವ ಹೆಂಡತಿಯನ್ನು ನೋಡಿ ಕಾಶಪ್ಪನ ಕರುಳು ಚುರ್ ಎನ್ನುತ್ತಿತ್ತು. ರೊಟ್ಟಿ ಬಡಿದೇ ಹೀಗಾಯಿತೆಂದು ಅವನು ತಾನೇ ನಿರ್ಧಾರ ಮಾಡಿ, ಅಂದಿನಿಂದ ಇಮ್ಮಡಿ ಹುರುಪಿನಲ್ಲಿ ಯಂತ್ರಕ್ಕೆ ಬಿದ್ದ. ಅವಳಿಗೆ ಮಾತ್ರ ಹೇಳಲಿಲ್ಲ. ಕೋಣೆಗೆ ಕೀಲಿ ಹಾಕಿ, ಒಳಗೆ ಮಂಡಳಿಯ ಸಾಮಾನಿದೆ, ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಎಂದು ಹೆದರಿಸಿದ್ದ.

ಹೇಳದಿರಲು ಕಾರಣವಿತ್ತು. ಹಿಂದೆ ಒಮ್ಮೆ ಅವನು ಡಬ್ಬಿಗೆ ಚಿಮಣಿ ಎಣ್ಣೆ ಸುರಿಯುವಾಗ ಅದು ತುಂಬಿದೊಡನೆ ಸೀಟಿ ಹೊಡೆಯುವ ಲಾಳಿಕೆ ಮಾಡಿ, ಓಣಿಯವರಿಗೆಲ್ಲ ಕರೆಕರೆದು ತೋರಿಸಿದ್ದ. ವರ್ಷ ತುಂಬುವುದರೊಳಗೆ ಅಂಥದೇ ಲಾಳಿಕೆ ಸಂತೆಯಲ್ಲಿ ಮಾರಾಟಕ್ಕೆ ಬಂತು. ಯಾರದೋ ಹೆಸರು, ಯಾರದೋ ಸೀಟಿ. ಈ ಸಲ ಅವನು ಬಾಗಲಕೋಟೆಗೆ ಹೋಗಿ ವಕೀಲ ಸಂಗಯ್ಯನವರನ್ನು ಕಂಡ.

“ನೋಡ್ರಿ ಕಾಶಪ್ಪ,” ಎಂದಿದ್ದರು ವಕೀಲರು, “ಬರೇ ವಿಚಾರಕ್ಕ ಪೇಟೆಂಟ್ ಸಿಗೂದಿಲ್ಲ. ಮಶೀನು ಹೆಂಗ ಮಾಡೂದು, ಹೆಂಗ ನಡೀತೈತಿ, ಇದರಾಗ ಹೊಸಾದು ಏನೈತಿ, ಎಲ್ಲಾ ಚಿತ್ರ ಸಮೇತ ಬರದು ಕೊಡ್ರಿ. ಐತವಾರ ಸಂಜೀಕ ನಿಮ್ಮೂರ ಮ್ಯಾಲ ಮದ್ರಾಸಿಗೆ ಹೊಂಟೇನಿ, ನಾನ ಒಯ್ದು ಪೇಟೆಂಟ್ ಆಫೀಸಿನ್ಯಾಗ ಕೊಡ್ತೇನಿ. ಅಲ್ಲೀತನಕ ಒಂದು ಪಿಳ್ಳೆಗೂ ತೋರಸಬ್ಯಾಡ್ರಿ. ನಾಕು ಮಂದಿ ನಡಿಯೂದು ನೋಡಿದ್ರಂದ್ರ ಅದು ಹೊಸಾದಲ್ಲ, ಊರ ಸ್ವತ್ತು.”

“ಹೇಣ್ತಿಗೆ ಹೇಳಬಹುದೇನ್ರಿ?”

“ಕಾನೂನಿನ ಪ್ರಕಾರ ಹೇಳಬಹುದು. ಆದ್ರ ಆಕಿ ಮತ್ತ ಯಾರಿಗೂ ಹೇಳಬಾರದು.”

ಬಾಗಲಕೋಟೆಯಿಂದ ಇಳಕಲ್ಲಿನ ತನಕ ಬಸ್ಸಿನಲ್ಲಿ ಕೂತು ವಿಚಾರ ಮಾಡಿ, ಕಾಶಪ್ಪ ಹೆಂಡತಿಗೆ ಹೇಳುವುದು ಬೇಡ ಎಂಬ ತೀರ್ಮಾನಕ್ಕೆ ಬಂದಿದ್ದ.

ಈಗ ಬಾಗಿಲು ಬಡಿದ ಸದ್ದಿಗೆ ಕಾಶಪ್ಪ ಯಂತ್ರ ನಿಲ್ಲಿಸಿ, ಕೋಣೆಗೆ ಕೀಲಿ ಹಾಕಿ, ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತೆಗೆದ. ಸಂಗವ್ವ, ಹುಲ್ಲಪ್ಪ, ಅವರ ಹಿಂದೆ ಅರ್ಧ ಓಣಿ.

“ಏನಿಲ್ಲಪಾ, ರೊಟ್ಟಿ ಸಪ್ಪಳ ಕೇಳಿಸ್ತು,” ಎಂದಳು ಸಂಗವ್ವ, ಅವನ ಹೆಗಲ ಮೇಲಿಂದ ಒಳಗೆ ಇಣುಕುತ್ತ.

“ನಾನ ಬಡಿಯಾಕತ್ತಿದ್ದೆ ಬೇ.”

“ನೀನ? ಹಂಗಾದ್ರ ನಮ್ಮ ಮುಂದ ಒಂದು ಬಡದು ತೋರ್ಸು.”

ಇಲ್ಲ ಎನ್ನುವ ಹಾಗಿರಲಿಲ್ಲ. ಕಾಶಪ್ಪ ಅಡುಗೆಮನೆಯಲ್ಲಿ ಕೂತು ಹಿಟ್ಟಿನ ಉಂಡೆಯನ್ನು ತಟ್ಟತೊಡಗಿದ. ಮೂರು ಏಟಿಗೆ ಅದು ಬಿರುಕು ಬಿಟ್ಟಿತು, ನಾಲ್ಕನೆಯದಕ್ಕೆ ಅಂಗೈಗೆ ಅಂಟಿಕೊಂಡು ಮೇಲೆದ್ದಿತು. ಬಿಡಿಸಿಕೊಂಡು ಹಂಚಿಗೆ ಹಾಕುವ ಹೊತ್ತಿಗೆ ಮೂರು ತುಂಡಾಗಿತ್ತು. ಪಕ್ಕದ ಬುಟ್ಟಿಯಲ್ಲಿ ಯಂತ್ರ ಬಡಿದ ರೊಟ್ಟಿಗಳು ದುಂಡಗೆ, ತೆಳ್ಳಗೆ ಒಂದರ ಮೇಲೊಂದು ಕೂತಿದ್ದವು. ಸಂಗವ್ವ ಎರಡನ್ನೂ ನೋಡಿದಳು. ಸೆರಗು ಕೊಡವಿ ಎದ್ದು ಹೋದಳು. ಅವಳು ಬೈದಿದ್ದರೆ ಕಾಶಪ್ಪನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೂಲೆಯ ಚಹಾದಂಗಡಿಯ ಅಹ್ಮದಸಾಬ ತಾನೇ ಬಂದು ಎರಡು ಕಪ್ಪು ಚಹಾ ಕಟ್ಟೆಯ ಮೇಲಿಟ್ಟ.

“ನಾ ಚಹಾ ಹೇಳಿಲ್ಲಲ್ಲ. ಅದೂ ಎರಡ್ಯಾಕೋ?”

“ಇರ್ಲಿ ತಗೊ ಕಾಶಪ್ಪಣ್ಣಾ,” ಎಂದು ಅಹ್ಮದಸಾಬ ದನಿ ತಗ್ಗಿಸಿದ. “ಪಾಪ, ಮುಂಜಾನಿಂದ ಬಡದು ಬಡದು ದಣಿದಿರ್ತಾರ ಅವ್ರು.”

ಕಾಶಪ್ಪನಿಗೆ ಈಗ ವಿಷಯ ಅರ್ಥವಾಯಿತು. ಒಂದು ಕೀಲಿ ತೆಗೆದರೆ ಮಾನ ಉಳಿಯುತ್ತದೆ, ಪೇಟೆಂಟು ಹೋಗುತ್ತದೆ. ತೆಗೆಯದಿದ್ದರೆ ಪೇಟೆಂಟು ಉಳಿಯುತ್ತದೆ, ಮಾನ ಹೋಗುತ್ತದೆ. ಹೋಗಲಿ, ಸಂಜೆಯ ತನಕ ತಾನೇ? ಬನಶಂಕರಿ ಬರುವುದು ಇನ್ನೂ ಎರಡು ದಿನಕ್ಕೆ, ಅಷ್ಟರಲ್ಲಿ ಎಲ್ಲರಿಗೂ ತಿಳಿಸಿ ಹೇಳಿದರಾಯಿತು ಎಂದು ಎರಡೂ ಕಪ್ಪು ಚಹಾ ತಾನೇ ಕುಡಿದು ಬಾಗಿಲು ಹಾಕಿಕೊಂಡ.

ಆದರೆ ಸುದ್ದಿ ಮಧ್ಯಾಹ್ನದ ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿತ್ತು. ಹೊತ್ತು ಇಳಿಯುವುದರೊಳಗೆ ಬನಶಂಕರಿ ಮಕ್ಕಳನ್ನು ಅಲ್ಲೇ ಬಿಟ್ಟು, ಉಡಿ ತುಂಬಿದ ಸೀರೆಯಲ್ಲೇ ಬಂದಿಳಿದಳು. ಜೊತೆಗೆ ಅವಳಣ್ಣ ಬೀರಲಿಂಗಪ್ಪ. ಕಾಶಪ್ಪ ಕಂಡುಹಿಡಿದ ಇಲಿಬೋನಿನಲ್ಲಿ ಒಮ್ಮೆ ಕಾಲಿನ ಹೆಬ್ಬೆರಳು ಕೊಟ್ಟಿದ್ದ ಅವನಿಗೆ ಮೊದಲೇ ತಂಗಿಯ ಗಂಡನ ಮೇಲೆ ಅಷ್ಟಕ್ಕಷ್ಟೆ.

“ಆ ಖೋಲಿ ಕೀಲಿ ತಗೀರಿ,” ಎಂದಳು ಬನಶಂಕರಿ. ಕೂಗಲಿಲ್ಲ, ಅಳಲಿಲ್ಲ. ಅದೇ ಹೆಚ್ಚಿನ ಹೆದರಿಕೆಯಾಗಿತ್ತು.

“ಬನೂ, ಒಂದ ತಾಸು ತಡಿ. ವಕೀಲರು ಬರ್ಲಿ.”

“ವಕೀಲರ ತನಕಾ ಹೋಗೇತೇನು?” ಎಂದು ಬೀರಲಿಂಗಪ್ಪ ತೋಳು ಏರಿಸಿದ.

ಕಾಶಪ್ಪ ಕೀಲಿ ತೆಗೆದ. ಓಣಿಯೆಲ್ಲ ಬಾಗಿಲಿಗೆ ಮುಗಿಬಿತ್ತು. ಒಳಗೆ ಯಾವ ಹೆಂಗಸೂ ಇರಲಿಲ್ಲ. ಕಟ್ಟಿಗೆಯ ಅಂಗೈ ಎತ್ತಿಕೊಂಡು ಯಂತ್ರ ಸುಮ್ಮನೆ ಕೂತಿತ್ತು. “ಇದ ನೋಡ್ರಿ ರೊಟ್ಟಿ ಬಡದದ್ದು,” ಎಂದು ಕಾಶಪ್ಪ ಗುಂಡಿ ಒತ್ತಿದ. ಯಂತ್ರ ಅಲುಗಲಿಲ್ಲ. ಕರೆಂಟು ಹೋಗಿತ್ತು. ದಿನಾ ಈ ಹೊತ್ತಿಗೆ ತೆಗೆಯುತ್ತಾರೆಂಬುದು ಮಂಡಳಿಯ ಮನುಷ್ಯನಾದ ಅವನಿಗೇ ಮರೆತಿತ್ತು.

ಮೊದಲು ನಕ್ಕವನು ಹುಲ್ಲಪ್ಪ. ಆಮೇಲೆ ಎಲ್ಲರೂ ನಕ್ಕರು. ಸಂಗವ್ವ ಮಾತ್ರ ನಗದೆ ಹಿತ್ತಲ ಕಡೆ ಕೈ ತೋರಿಸಿದಳು. “ಹಿಂದಿನ ಬಾಗಲಾ ತಗದ ಐತಿ. ಓಡಿ ಹೋಗ್ಯಾಳ.”

ಅದೇ ಹೊತ್ತಿಗೆ ವಕೀಲ ಸಂಗಯ್ಯನವರು ಚೀಲ ಹಿಡಿದು ಬಂದರು. ಗುಂಪು, ತೆರೆದ ಕೋಣೆ, ಕಾಶಪ್ಪನ ಮುಖ ಮೂರನ್ನೂ ನೋಡಿ ಗಾಬರಿಯಾದರು. ಆದರೆ ಎಷ್ಟಾದರೂ ವಕೀಲರು. ಗಂಟಲು ಸರಿಮಾಡಿಕೊಂಡು ಗುಂಪಿಗೇ ಕೇಳಿದರು:

“ಈ ಮಶೀನು ರೊಟ್ಟಿ ಬಡಿಯೂದು ಯಾರರ ಕಣ್ಣಾರೆ ನೋಡಿರೇನು?”

“ಎಲ್ಲಿ ಮಶೀನ್ರೀ? ಬಡದಾಕಿ ಹೆಂಗಸು. ನಮ್ಮ ಕಿವಿಯಿಂದ ಕೇಳೇವಿ!” ಎಂದಿತು ಇಡೀ ಓಣಿ.

ವಕೀಲರ ಮುಖ ಅರಳಿತು. ಕಾಶಪ್ಪನನ್ನು ಪಕ್ಕಕ್ಕೆ ಎಳೆದು, “ನಿಮ್ಮ ನಸೀಬ ಛಲೋ ಐತಿ,” ಎಂದು ಪಿಸುಗುಟ್ಟಿದರು. “ನಡಿಯೂದು ಯಾರೂ ನೋಡಿಲ್ಲ, ನೋಡಿದ್ದನ್ನ ಯಾರೂ ನಂಬಿಲ್ಲ. ಪೇಟೆಂಟಿಗೇನೂ ಧಕ್ಕಿ ಇಲ್ಲ. ನಾ ಮದ್ರಾಸ್ ಮುಟ್ಟೂತನಕ ಹೆಂಗಸು ಇದ್ಲು ಅಂತ ಒಪ್ಪಿಕೊಂಡು ಬಿಡ್ರಿ.”

ಕಾಶಪ್ಪ ಚಿತ್ರಗಳ ಕಟ್ಟನ್ನು ಅವರ ಕೈಗೆ ಕೊಟ್ಟ. ಕೊಟ್ಟು ತಿರುಗಿ ನೋಡಿದ. ಬನಶಂಕರಿ ಗಂಟನ್ನು ಮತ್ತೆ ಬಗಲಿಗೆ ಏರಿಸಿಕೊಂಡು ಹೊಸ್ತಿಲ ಹತ್ತಿರ ನಿಂತಿದ್ದಳು. ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದಳು. ಕಣ್ಣು ತುಂಬಿ ಬಂದದ್ದನ್ನು ಅವಳು ಒರೆಸಿಕೊಳ್ಳಲಿಲ್ಲ. ಕಾಶಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇವಳ ಭುಜಕ್ಕೆಂದು ಮಾಡಿದ್ದನ್ನು ಇವಳನ್ನೇ ಹೊರಗೆ ಕಳಿಸಿ ಉಳಿಸಿಕೊಳ್ಳುವುದೇ?

ಆಗ ಹುಲ್ಲಪ್ಪನ ಮನೆಯ ದೀಪ ಹತ್ತಿತು. ಕರೆಂಟು ಬಂದಿತ್ತು.

ಕಾಶಪ್ಪ ಅಡುಗೆಮನೆಗೆ ಓಡಿ ಉಳಿದ ಹಿಟ್ಟಿನ ಉಂಡೆ ತಂದ. “ಕಾಶಪ್ಪಾ, ಬ್ಯಾಡ್ರಿ! ಎಲ್ಲಾ ಹೋಗ್ತೈತ್ರಿ!” ಎಂದು ವಕೀಲರು ಕೂಗುತ್ತಿದ್ದಂತೆಯೇ ಉಂಡೆಯನ್ನು ಮಣೆಯ ಮೇಲಿಟ್ಟು, “ಬನೂ, ನಿನ್ನ ಭುಜಕ್ಕಂತ ಮಾಡೇನಿ, ನೋಡು,” ಎಂದು ಗುಂಡಿ ಒತ್ತಿದ.

ತಪ್, ತಪ್, ತಪ್. ಮಣೆ ತಿರುಗಿತು. ಕಟ್ಟಿಗೆಯ ಅಂಗೈ ಎದ್ದು ಬಿತ್ತು. ಉಂಡೆ ಹರಡುತ್ತ ಹರಡುತ್ತ ದುಂಡನೆಯ ರೊಟ್ಟಿಯಾಯಿತು. ಓಣಿ ಬಾಯಿ ಬಿಟ್ಟುಕೊಂಡು ನಿಂತಿತು. ಬೀರಲಿಂಗಪ್ಪ ಏರಿಸಿದ ತೋಳು ಇಳಿಸಿದ. ವಕೀಲರು ಕಟ್ಟನ್ನು ಚೀಲದಿಂದ ತೆಗೆದು ಗೂಡಿನಲ್ಲಿಟ್ಟು, “ಇನ್ನ ಇದು ಊರ ಸ್ವತ್ತು,” ಎಂದು ನಿಟ್ಟುಸಿರು ಬಿಟ್ಟು ಬಸ್ ಸ್ಟ್ಯಾಂಡಿನ ಹಾದಿ ಹಿಡಿದರು.

ಬನಶಂಕರಿ ಗಂಟು ಕೆಳಗಿಟ್ಟಳು. “ನನ್ನ ಭುಜದ ಸಲುವಾಗಿ ಇಷ್ಟೆಲ್ಲಾ ಮಾಡಿದ್ರೇನ್ರಿ?” ಎಂದಳು. ದನಿ ಮೆತ್ತಗಾಗಿತ್ತು. ಕಾಶಪ್ಪ ಹೂಂ ಎಂದು ತಲೆಯಾಡಿಸಿದ. ಪೇಟೆಂಟು ಹೋದರೇನಾಯಿತು ಎಂದು ಅವನಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಅನ್ನಿಸಿತು.

“ತಡೀರಿ ತಡೀರಿ,” ಎಂದು ಸಂಗವ್ವ ಕೈ ಎತ್ತಿದಳು. ಅವಳ ಕಿವಿ ನೆಟ್ಟಗಾಗಿತ್ತು.

ಮುಂಜಾನೆ ಬಿಟ್ಟ ಎಣ್ಣೆ ಆರಿ, ಯಂತ್ರದ ಹೊಟ್ಟೆಯೊಳಗಿನ ಗಾಲಿ ಸಣ್ಣಗೆ ದನಿ ತೆಗೆಯುತ್ತಿತ್ತು. ಕಿರ್‍ರ್ ಕಿಂಯ್. ಕಿರ್‍ರ್ ಕಿಂಯ್. ಓಣಿಯ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಯವ್ವಾ! ಇದು ನಮ್ಮ ಬಾವಿ ಗಡಗಡಿ!” ಎಂದಳು ಸಂಗವ್ವ.

ಕಾಶಪ್ಪ ಗುಂಡಿ ಆರಿಸಿದ. ತಡವಾಗಿತ್ತು.

ಬನಶಂಕರಿ ನಿಧಾನವಾಗಿ ಯಂತ್ರದ ಹತ್ತಿರ ಬಂದು ಬಗ್ಗಿ ಗಾಲಿಯನ್ನು ಮುಟ್ಟಿ ನೋಡಿದಳು. “ರೀ,” ಎಂದಳು, “ದಸರಾಕ್ಕ ಗಡಗಡಿ ಕಳುವಾತು. ಅವತ್ತಿಂದ ಬರೇ ಕೈಲೆ ಕೊಡಾ ಜಗ್ಗಿ ಜಗ್ಗಿ ನೀರು ಸೇದಾಕತ್ತೇನಿ. ನನ್ನ ಭುಜಾ ಹೋಗಿದ್ದು ರೊಟ್ಟಿ ಬಡದು ಅಂತ ತಿಳದೀರೇನು? ಹೆಂಗಸಾಗಿದ್ರ ಜಗಳಾಡಿ ಹೊರಗ ಹಾಕ್ತಿದ್ದೆ. ನಿಮಗೇನು ಮಾಡ್ಲಿ?”

ಏನು ಮಾಡಬೇಕೆಂಬುದು ಅವಳಿಗೆ ಬೆಳಗಾಗುವುದರೊಳಗೆ ಹೊಳೆದಿರಬೇಕು. ಮರುದಿನ ಮುಂಜಾನೆ ಗಡಗಡೆ ಬಾವಿಯ ಮೇಲೆ ಕಿರ್‍ರ್ ಎನ್ನುತ್ತಿತ್ತು. ಕಾಶಪ್ಪನ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ತಪ್. ತಪ್ ತಪ್. ತಡೆದು, ಮತ್ತೊಂದು ತಪ್. ಬಳೆಯ ಸಪ್ಪಳವಿರಲಿಲ್ಲ.

ಸಂಗವ್ವ ನೂಲು ಸುತ್ತುವುದನ್ನು ನಿಲ್ಲಿಸದೆ ಒಂದು ಗಳಿಗೆ ಕಿವಿಗೊಟ್ಟಳು. ಈ ಸಲ ಯಾರೆಂದು ಯಾರನ್ನೂ ಕೇಳಲಿಲ್ಲ.