ಚೀನೀ ಭಾಷೆಯಲ್ಲಿ ಭುಜಂಗಣ್ಣನಿಗೆ ಬೈದದ್ದು

ಸರಿಯಾದ ಭಾಷೆಯೊಂದು ಸಿಕ್ಕಿಬಿಟ್ಟರೆ ನನ್ನಂಥ ಸಾಧುಪ್ರಾಣಿಯೂ ಉದ್ಧಟನಾಗಬಲ್ಲ ಎಂದು ನಾನು ದೃಢವಾಗಿ ನಂಬಿದ್ದೆ.

ದೇರೆಬೈಲ್‌ನಲ್ಲಿ ನಮ್ಮ ಪಕ್ಕದ ಮನೆಯ ಭುಜಂಗಣ್ಣ ದಿನಾ ತಮ್ಮ ಕಾರನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದರು. ನನ್ನ ಸ್ಕೂಟರ್ ಹೊರಬರಲು ಅವರ ಸ್ನಾನ ಮುಗಿಯಬೇಕು! ತುಳುವಿನಲ್ಲಿ ಬೈಯೋಣವೆಂದರೆ ಅವರು ನನ್ನ ಹೆಂಡತಿ ವನಿತಾಳ ಕಡೆಯ ನೆಂಟರು. ಮದುವೆ ಊಟಗಳಲ್ಲಿ ಒಂದೇ ಸಾಲಿನಲ್ಲಿ ಕೂರಬೇಕು. ಇಂಗ್ಲಿಷಿನಲ್ಲಿ ಪ್ರಯತ್ನಿಸಿದೆ. "ಸರ್, ಪ್ಲೀಸ್, ಎಕ್ಸ್‌ಕ್ಯೂಸ್ ಮಿ" ಎಂಬಲ್ಲಿಗೆ ನನ್ನ ಉದ್ಧಟತನ ಮುಗಿಯಿತು. ಶಾಲೆಯಲ್ಲಿ ಕಲಿಸಿದ್ದು ಅಷ್ಟೇ.

ಆಗ ಹೊಳೆದದ್ದು ಚೀನೀ ಭಾಷೆ. ಊರಲ್ಲಿ ಯಾರಿಗೂ ಬಾರದು! ಮೊಬೈಲಿನ ಆ್ಯಪ್ ಹೇಳಿಕೊಟ್ಟಂತೆ ಒಂದು ವಾಕ್ಯ ಬಾಯಿಪಾಠ ಮಾಡಿದೆ: "ನಿ ಬೂ ಯಾವ್ ಲ್ಯೆನ್." ಅರ್ಥ, ನಿನಗೆ ನಾಚಿಕೆಯಿಲ್ಲ.

"ಎಂತ ಮಾರಾಯ್ರೆ ಇದು? ಕಾರು ತೆಗೀರಿ ಅಂತ ಹೇಳಿದ್ರೆ ಸಾಲದಾ?" ಎಂದಳು ವನಿತಾ.

ಸಾಲದು. ಮರುದಿನದಿಂದ ಪ್ರತಿ ಬೆಳಿಗ್ಗೆ ಕೈಮುಗಿದು, ನಗುನಗುತ್ತಾ ಬೈದೆ. ಭುಜಂಗಣ್ಣ ಅರ್ಥವೇನೆಂದು ಕೇಳಿದಾಗ, "ಆಯುಷ್ಯ ಹೆಚ್ಚಲಿ ಅಂತ" ಎಂದೆ. ಅವರು ಕರಗಿಹೋದರು. ಕಾರು ಮಾತ್ರ ಕದಲಲಿಲ್ಲ. ನನಗೋ ಮನಸ್ಸು ಹಗುರ!

ತಿಂಗಳು ಕಳೆಯುವಷ್ಟರಲ್ಲಿ ಅವರು ಓಡಿಬಂದು ನನ್ನ ಕೈಹಿಡಿದರು.

"ನಮ್ಮ ಫ್ಯಾಕ್ಟರಿಗೆ ತರಿಸಿದ ಪೇಪರ್ ಕಪ್ ಮೆಷಿನ್ ಫಿಟ್ ಮಾಡ್ಲಿಕ್ಕೆ ಚೀನಾದ ಇಂಜಿನಿಯರ್ ಬಂದಿದ್ದಾರೆ. ನಿಮಗೆ ಭಾಷೆ ಬರ್ತದಲ್ಲ, ಸ್ವಲ್ಪ ಬನ್ನಿ."

"ನನಗೆ ಹೆಚ್ಚೇನೂ ಬರುವುದಿಲ್ಲ..."

"ದಿನಾ ನನಗೆ ಹೇಳ್ತೀರಲ್ಲ, ಅದನ್ನೇ ಹೇಳಿ ಮಾರಾಯ್ರೆ!"

ಅವರ ಮನೆಯ ಹಾಲ್‌ನಲ್ಲಿ ಇಡೀ ಕುಟುಂಬ ಸಾಲಾಗಿ ನಿಂತಿತ್ತು. ಇಂಜಿನಿಯರ್ ಸೀಯಾಳ ಕುಡಿಯುತ್ತಿದ್ದರು. ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಕೈಮುಗಿದೆ. ಬೇರೇನೂ ಬಾರದ್ದರಿಂದ ಅದನ್ನೇ ಹೇಳಿದೆ.

ಸೀಯಾಳ ಕೆಳಗಿಟ್ಟ ಇಂಜಿನಿಯರ್ ಎದ್ದು ಬ್ಯಾಗ್ ಹೆಗಲಿಗೇರಿಸಿದರು. "ವೈ ಹೀ ಸೇ ಐ ಹ್ಯಾವ್ ನೋ ಶೇಮ್?"

ಮೆಷಿನ್ ಹೋಯಿತು, ನೆಂಟಸ್ತಿಕೆಯೂ ಹೋಯಿತು ಎಂದುಕೊಂಡೆ. ಗಾಬರಿಯಲ್ಲಿ ಭುಜಂಗಣ್ಣನತ್ತ ಬೆರಳು ತೋರಿಸಿ ಕೂಗಿಬಿಟ್ಟೆ: "ನಾಟ್ ಯು ಸರ್, ಪ್ಲೀಸ್! ಹಿಮ್! ಎವ್ರಿ ಡೇ!"

ಇಂಜಿನಿಯರ್ ನನ್ನನ್ನೂ ಭುಜಂಗಣ್ಣನನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಬ್ಯಾಗ್ ಕೆಳಗಿಳಿಯಿತು. ನಾಲ್ಕು ದಿನ ಅಲ್ಲೇ ಉಂಡು, ಮೆಷಿನ್ ಫಿಟ್ ಮಾಡಿ ಹೋದರು.

ಈಗ ನಮ್ಮ ಗೇಟಿನ ಮುಂದೆ ಕಾರಿಲ್ಲ. ಆದರೆ ದಿನಾ ಬೆಳಿಗ್ಗೆ ಭುಜಂಗಣ್ಣ ಕೈಮುಗಿದು, ನಗುನಗುತ್ತಾ ಚೀನೀ ಭಾಷೆಯಲ್ಲಿ ಏನೋ ಹೇಳುತ್ತಾರೆ. ನನ್ನದಕ್ಕಿಂತ ಬಹಳ ಉದ್ದ ಉಂಟು.

"ಆ್ಯಪಿಗೆ ಹಾಕಿ ಅರ್ಥ ನೋಡಿ" ಎನ್ನುತ್ತಾಳೆ ವನಿತಾ.

ನೋಡಿಲ್ಲ. "ಥ್ಯಾಂಕ್ಯೂ ಸರ್" ಎಂದು ಸ್ಕೂಟರ್ ಹತ್ತುತ್ತೇನೆ.