ಪುಟ್ಟಮ್ಮ ಸಿಕ್ಕಿಸಿದ ಡಿಸ್ಕ್

ಗೆಟ್ಟವಾಡಿಯ ಯೋಗೇಶನ ಆ ದಿನದ ಪಾಡಿಗೆಲ್ಲ ಪಕ್ಕದ ಮನೆಯ ಪುಟ್ಟಮ್ಮನ ಪೊರಕೆಯೇ ಕಾರಣ.

ತಾಳವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಯೋಗೇಶ, ಹಲವು ದೇಶಗಳ ಜನ ಸೇರಿ ಬರೆಯುವ ಒಂದು ಆಪರೇಟಿಂಗ್ ಸಿಸ್ಟಂಗೆ ಬಿಡುವಿನಲ್ಲಿ ಕೋಡ್ ಬರೆಯುತ್ತಿದ್ದ. ಅದರಲ್ಲಿನ ರೇಡ್ ಡ್ರೈವರ್ ಎಂಬ ಭಾಗ ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲಿ ಇಡುತ್ತದೆ. ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಸೇರಿಸುವ ಡಿಸ್ಕ್‌ನ ಅಳತೆ, ಗುರುತು ಸರಿಯಿವೆಯೇ ಎಂದು ನೋಡುವ ತಪಾಸಣೆಗಳು ಕೋಡಿನಲ್ಲಿ ಕಂಡಕಂಡಲ್ಲಿ ಚೆಲ್ಲಿದ್ದವು. ಮೂರು ತಿಂಗಳು ಕೂತು ಎಲ್ಲವನ್ನೂ ಒಂದೆಡೆ ತಂದಿದ್ದ. ಸಿಸ್ಟಂ ನೋಡಿಕೊಳ್ಳುವವರು ಒಪ್ಪಿದರೆ ಅದರ ದಾಖಲೆಯಲ್ಲಿ ಮೊದಲ ಸಲ ಅವನ ಹೆಸರು ಬರುತ್ತಿತ್ತು. ಕಳಿಸಲು ಅಂದು ಮಧ್ಯಾಹ್ನವೇ ಕೊನೆ.

ಬೆಳಿಗ್ಗೆ ಕೊನೆಯ ಪರೀಕ್ಷೆಯನ್ನು ಓಡಲು ಬಿಟ್ಟು ಸ್ನಾನಕ್ಕೆ ಹೋದ. ಅವನ ತಾಯಿ ಊರಲ್ಲಿರಲಿಲ್ಲ. ಕಸ ಗುಡಿಸಿಕೊಡಲು ಪುಟ್ಟಮ್ಮ ಬಂದಳು. ಪೊರಕೆ ತಾಗಿ ಒಂದು ಡಿಸ್ಕ್‌ನ ವೈರು ಕಳಚಿತು. ಬೈಸಿಕೊಳ್ಳುವುದೇಕೆಂದು ಕೈಗೆ ಸಿಕ್ಕ ಡಿಸ್ಕ್‌ಗೆ ಅದನ್ನು ಸಿಕ್ಕಿಸಿದಳು. ಅದು ಬೇರೆಯದು, ಅರ್ಧದಷ್ಟೇ ಮಾಹಿತಿ ಹಿಡಿಯುವ ಅಳತೆಯದು.

ಯೋಗೇಶ ತಲೆ ಒರೆಸಿಕೊಳ್ಳುತ್ತ ಬಂದಾಗ ಕಂಪ್ಯೂಟರ್ ಕೆರೆಗಿಳಿದ ಎಮ್ಮೆಯಂತೆ ಅಲುಗದೆ ಕೂತಿತ್ತು.

"ಏನ್ ಮಾಡ್ಬುಟ್ಟೆ ದೊಡ್ಡವ್ವ?"

"ವೈರು ಕಳಚ್ಕತು ಕಣ್ಲಾ. ಅಲ್ಲೇ ಇದ್ದುದ್ಕೆ ಸಿಗಾಕ್ದೆ."

ಒಂದು ಗಂಟೆ ಕೋಡ್ ಕೆದಕಿದ ಮೇಲೆ ಗುಟ್ಟು ಸಿಕ್ಕಿತು. ಕೆಟ್ಟ ಡಿಸ್ಕ್‌ನ ಜಾಗಕ್ಕೆ ಹೊಸದನ್ನು ತರುವಾಗ ಮಾತ್ರ ಅಳತೆ ನೋಡುವ ಸಾಲೇ ಇರಲಿಲ್ಲ. ವರ್ಷಗಳಿಂದ ಯಾರಿಗೂ ಕಂಡಿರಲಿಲ್ಲ, ಅವನಿಗೂ ಕಂಡಿರಲಿಲ್ಲ. ಎಷ್ಟೋ ಜನರ ಮಾಹಿತಿ ಹಾಳಾಗುವುದು ಇವಳಿಂದ ತಪ್ಪಿತಲ್ಲ ಎಂದು ಯೋಗೇಶನ ಸಿಟ್ಟು ಕರಗಿ ಕಣ್ಣು ತೇವವಾಯಿತು.

ಸರಿಪಡಿಸಿ, ಫೋನಿಗೆ ಹಾಕಿಕೊಂಡು ಕಳಿಸಲು ಹೋದರೆ ಸಿಗ್ನಲ್ ಇಲ್ಲ. ಎದುರು ಮನೆಯ ಮುರುಗೇಶ ಕೇಳದೆಯೇ ಸ್ಕೂಟರ್ ತೆಗೆದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಗಾಡಿ ನಿಲ್ಲಿಸಿ, ಇವನಿಗೆ ವಿದೇಶದಲ್ಲಿ ಕೆಲಸವಾಗಿದೆಯೆಂದು ಹೇಳಿದ. ಜೋಳದ ಹೊಲದ ಬದುವಿನಲ್ಲಿ ಮುರುಗೇಶ ಫೋನನ್ನು ತಲೆಯ ಮೇಲೆ ಹಿಡಿದು ನಿಂತ. ಹತ್ತು ನಿಮಿಷ ಉಳಿದಿರುವಾಗ ಮೇಲ್ ಹೋಯಿತು. ಋಣ ಮರೆಯಬಾರದೆಂದು ಯೋಗೇಶ ಕೊನೆಗೊಂದು ಸಾಲು ಸೇರಿಸಿದ್ದ: ತಪ್ಪನ್ನು ಕಂಡುಹಿಡಿದವರು ಪುಟ್ಟಮ್ಮ, ಗೆಟ್ಟವಾಡಿ.

ಸಂಜೆ ಸಿಸ್ಟಂನವರಿಂದ ಉತ್ತರ ಬಂತು. ಪುಟ್ಟಮ್ಮನ ಜಗುಲಿಯಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿದ. ತಪಾಸಣೆಗಳನ್ನು ಒಂದೆಡೆ ತರುವ ಅಗತ್ಯ ಸದ್ಯಕ್ಕಿಲ್ಲ. ಬಿಟ್ಟುಹೋಗಿದ್ದ ಸಾಲನ್ನು ನಾವೇ ಸೇರಿಸಿದ್ದೇವೆ. ಪುಟ್ಟಮ್ಮನವರಿಗೆ ಹೃತ್ಪೂರ್ವಕ ಕೃತಜ್ಞತೆ. ಅವರ ಹೆಸರನ್ನು ದಾಖಲೆಗೆ ಹಾಕಿದ್ದೇವೆ. ಇಂಥ ಪರೀಕ್ಷೆ ಮಾಡುವವರು ನಮಗೆ ಬೇಕು. ಇನ್ನು ಮುಂದೆಯೂ ಮಾಡಿಕೊಡುವರೇ?

"ನಿನ್ನೆಸ್ರು ಆಕಿಲ್ವ?" ಎಂದಳು ಪುಟ್ಟಮ್ಮ.

"ಇಲ್ಲ ದೊಡ್ಡವ್ವ."

ಅವಳು ಅವನ ಬೆನ್ನು ಸವರಿದಳು. "ಓಗ್ಲಿ ಬುಡು ಮಗ. ಅಷ್ಟ್ ದೂರ್ದಿಂದ ಕೇಳವ್ರೆ, ಊಂ ಅಂತ ಬರಿ. ಯಾವ್ ವೈರು ಕೀಳ್ಬೇಕು ಅಂತ ನಾ ಯೋಳ್ತೀನಿ, ನೀ ಕಿತ್ಕೊಡು."

ಯೋಗೇಶ ಊಂ ಎಂದು ಬರೆದ.